ಕಾಟಿಯ ಹಿಂಡು, ಸೋಲಿಗರ ಬೆಂಕಿ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಬಸ್ಸು ಅರಣ್ಯ ಇಲಾಖೆಯ ಗೇಟು ದಾಟಿ ಏರು ಹತ್ತಿತೆಂದರೆ ರಸ್ತೆಯ ಎರಡೂ ಕಡೆ ದಟ್ಟ ಪೊದೆ ಶುರುವಾಗುತ್ತದೆ. ಆಳೆತ್ತರದ ಪೊದೆ. ಪಟ್ಟಣದಿಂದ ಬಂದವರು ಕಿಟಕಿಯಲ್ಲಿ ತಲೆ ಹಾಕಿ 'ಎಷ್ಟು ಹಸಿರು ನೋಡಿ' ಅಂತಾರೆ. ಅದು ಹಸಿರು ಹೌದು. ಆದರೆ ಅದು ಕಾಡಲ್ಲ, ಲಂಟಾನ. ದನ ತಿಂದರೆ ವಿಷ, ಕಾಟಿ ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. ಅದರ ಅಡಿಯಲ್ಲಿ ಹುಲ್ಲು ಹುಟ್ಟುವುದಿಲ್ಲ, ನೆಲ್ಲಿಯ ಸಸಿ ಏಳುವುದಿಲ್ಲ.

ಈ ಪೊದೆ ಇಲ್ಲಿಗೆ ಹೇಗೆ ಬಂತು, ಇಲ್ಲಿದ್ದ ಹುಲ್ಲು ಎಲ್ಲಿಗೆ ಹೋಯಿತು, ಆ ಹುಲ್ಲನ್ನು ನಂಬಿದ್ದ ಕಾಟಿಯ ಹಿಂಡು ಏನಾಯಿತು, ಹಿಂಡಿನ ಜೊತೆಗೇ ಬದುಕಿದ್ದ ಸೋಲಿಗರು ಏನಾದರು? ಇವು ನಾಲ್ಕು ಪ್ರಶ್ನೆಗಳಂತೆ ಕಾಣುತ್ತವೆ. ನಿಜಕ್ಕೂ ಇರುವುದು ಒಂದೇ ಪ್ರಶ್ನೆ. ಕಾಡನ್ನು ಉಳಿಸಿದವರು ಯಾರು, ಕೆಡಿಸಿದವರು ಯಾರು ಅನ್ನೋದು.

ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ರಾಜರಿದ್ದಾರೆ, ದಿವಾನರಿದ್ದಾರೆ. ಹುಡುಕಿದರೆ ಬಿಳಿಯ ದೊರೆಗಳು ಹೊಡೆದ ಹುಲಿ, ಆನೆ, ಕಾಟಿಗಳ ಲೆಕ್ಕವೂ ಸಿಗುತ್ತದೆ. ಆ ದೊರೆಗಳ ಮುಂದೆ ಬರಿಗಾಲಲ್ಲಿ ಜಾಡು ಹಿಡಿದು ನಡೆದ ಸೋಲಿಗನಿಗೆ ಮಾತ್ರ ಆ ಪುಸ್ತಕದಲ್ಲಿ ಜಾಗವಿಲ್ಲ. ಆದ್ದರಿಂದ ಗೆಳೆಯರೆ, ಈ ಬೆಟ್ಟದ ಚರಿತ್ರೆಯನ್ನು ಕಾಟಿಯ ಕಡೆಯಿಂದ, ಸೋಲಿಗರ ಕಡೆಯಿಂದ ಒಮ್ಮೆ ಓದಿ ನೋಡೋಣ.

1

ಕಾಟಿಯನ್ನು ಕಾಡೆಮ್ಮೆ ಅಂತ ಕರೆಯುತ್ತೇವೆ. ಅದು ಎಮ್ಮೆಯ ಕುಲದ್ದಲ್ಲ, ಹಸುವಿನ ಕುಲದ್ದು. ದೊಡ್ಡ ಗೂಳಿ ಒಂದು ಟನ್ನಿನ ಹತ್ತಿರ ತೂಗುತ್ತದೆ. ಕಪ್ಪು ಮೈ, ಮಂಡಿಯಿಂದ ಕೆಳಗೆ ಬಿಳಿ ಕಾಲು. ಹಿಂಡಾಗಿ ಬಾಳುತ್ತದೆ. ಬೇಸಿಗೆಯಲ್ಲಿ ನೀರಿರುವ ಕಣಿವೆಗೆ, ಮಳೆ ಬಿದ್ದು ಚಿಗುರೊಡೆದಾಗ ಹುಲ್ಲಿರುವ ಬಯಲಿಗೆ, ಹೀಗೆ ಮೇವು ನೋಡಿಕೊಂಡು ತಿರುಗುತ್ತದೆ. ಅದಕ್ಕೆ ಬೇಕಾದದ್ದು ಮೂರು: ಹುಲ್ಲು, ನೀರು, ತಿರುಗಾಡಲು ದಾರಿ. ಇವುಗಳಲ್ಲಿ ಒಂದು ತಪ್ಪಿದರೂ ಹಿಂಡು ಕರಗುತ್ತದೆ.

ಈ ಮೂರೂ ಇದ್ದ ಬೆಟ್ಟ ಇದು. ತಗ್ಗಿನಲ್ಲಿ ಕುರುಚಲು, ಮೇಲೆ ಎಲೆ ಉದುರುವ ಕಾಡು, ಇನ್ನೂ ಮೇಲೆ ಹಳ್ಳಗಳ ಮಗ್ಗುಲಲ್ಲಿ ಕಾನು, ನೆತ್ತಿಯ ಮೇಲೆ ಹುಲ್ಲಿನ ಬೋಳಿ. ಕತ್ತರಿ ಬೆಟ್ಟದ ಹತ್ತಿರ 1800 ಮೀಟರಿಗೂ ಮೀರಿದ ಎತ್ತರ. ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡಕ್ಕೂ ಸೇತುವೆಯ ಹಾಗೆ ಈ ಸಾಲು ಮಲಗಿದೆ. ಆನೆ, ಕಾಟಿ ಹಿಂಡುಗಳಿಗೆ ತಾಲ್ಲೂಕು, ರಾಜ್ಯಗಳ ಗಡಿ ಗೊತ್ತಿಲ್ಲ. ಸತ್ಯಮಂಗಲದ ಕಾಡು, ಮಲೆ ಮಹದೇಶ್ವರನ ಬೆಟ್ಟ, ಕಾವೇರಿಯ ದಂಡೆ ಎಲ್ಲವೂ ಅವಕ್ಕೆ ಒಂದೇ ಸೀಮೆ.

ಇದೇ ಸೀಮೆಯ ಮನುಷ್ಯರು ಸೋಲಿಗರು. ಅವರ ಊರಿಗೆ ಪೋಡು ಅಂತ ಹೆಸರು. ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ, ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ನೀರಿನ ಅಬ್ಬಿ. ಸೋಲಿಗರು ಸಂಶೋಧಕರ ಜೊತೆ ಕೂತು ಇಂಥ ಜಾಗಗಳ ನಕ್ಷೆ ಮಾಡಿದಾಗ 489 ಜಾಗ ಸಿಕ್ಕವು. ಸರ್ಕಾರದ ನಕ್ಷೆಯಲ್ಲಿ ಅಲ್ಲೆಲ್ಲ ಬರೀ ಹಸಿರು ಬಣ್ಣ ಬಳಿದಿತ್ತು. ಭಾರ್ಗವಿ ಹಳ್ಳದ ಪಕ್ಕದ ದೊಡ್ಡಸಂಪಿಗೆ ಪ್ರವಾಸಿಗರಿಗೆ ಫೋಟೋ ತೆಗೆಯುವ ಮುದಿ ಮರ, ಸೋಲಿಗರಿಗೆ ದೇವರು.

ಬೆಟ್ಟದ ಮೇಲಿನ ರಂಗನಾಥನನ್ನೂ ಅವರು ಪೂಜಾರಿಗಳಿಂದ ಎರವಲು ತಂದುಕೊಂಡವರಲ್ಲ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಆ ರಂಗಯ್ಯ ಅವರಿಗೆ ಭಾವ. ದೇವರನ್ನು ಭಾವ ಅಂತ ಕರೆಯುವ ಜನ ಅವನ ಮುಂದೆ ಅಡ್ಡ ಬೀಳುವುದಕ್ಕಿಂತ ಹೆಚ್ಚಾಗಿ ಅವನ ಜೊತೆ ಜಗಳ ಆಡುತ್ತಾರೆ. ಅದೇ ದೇವರಿಗೆ ದೊಡ್ಡ ಚರ್ಮದ ಮೆಟ್ಟು ಮಾಡಿ ಒಪ್ಪಿಸುವವರು ತಗ್ಗಿನ ಬೂದಿತಿಟ್ಟಿನ ಚರ್ಮದ ಕೆಲಸದವರು. ಹೆಣ್ಣು ಕೊಟ್ಟವರು ಸೋಲಿಗರು, ಮೆಟ್ಟು ಕೊಟ್ಟವರು ದಲಿತರು. ಈ ಬೆಟ್ಟದ ಹಕ್ಕುದಾರರು ಯಾರೆಂದು ಕೇಳುವವರಿಗೆ ಈ ಎರಡು ಸಂಗತಿ ನೆನಪಿರಲಿ.

2

ಮೊದಲು ಬಂದದ್ದು ಕೋವಿ. ಜಿ. ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1864ರಲ್ಲಿ ಮೈಸೂರು ಸೀಮೆಗೆ ಬಂದ. ಅವನ ನೌಕರಿ ಕಾಲುವೆ ಇಲಾಖೆಯಲ್ಲಿ, ಮನಸ್ಸು ಬೇಟೆಯಲ್ಲಿ. ಚಾಮರಾಜನಗರದ ಬಳಿ ಬಿಡಾರ ಮಾಡಿ ಈ ಬೆಟ್ಟದ ಆನೆ, ಕಾಟಿಗಳ ಹಿಂದೆ ತಿರುಗಿದ. 1874ರಲ್ಲಿ ಅಲ್ಲೇ ಖೆಡ್ಡಾ ಮಾಡಿ ಆನೆ ಹಿಂಡನ್ನು ಹಿಡಿದ. 1878ರಲ್ಲಿ ಬಂದ ಅವನ ಬೇಟೆಯ ಪುಸ್ತಕ ಲಂಡನ್ನಿನಲ್ಲಿ ಹೆಸರಾಯಿತು. ಆ ಪುಸ್ತಕದಲ್ಲಿ ಸೋಲಿಗರೂ ಬರುತ್ತಾರೆ, ಜಾಡು ಹಿಡಿಯುವ ಆಳುಗಳಾಗಿ. ಹುಲ್ಲು ಮಡಚಿದ ರೀತಿ, ಸಗಣಿಯ ಬಿಸಿ, ಗೊರಸಿನ ಗುರುತು ನೋಡಿ ಹಿಂಡು ಯಾವಾಗ ಹೋಯಿತು, ಎಷ್ಟಿತ್ತು ಅಂತ ಹೇಳುವ ವಿದ್ಯೆ ಅವರದು. ಕೋವಿಯ ಕುದುರೆ ಎಳೆದದ್ದು ದೊರೆ. ಕೀರ್ತಿ ಹೋದದ್ದು ಎಳೆದವನಿಗೆ.

ಅವನ ಕಾಲಕ್ಕೆ ಸ್ವಲ್ಪ ಮುಂಚಿನವರೆಗೂ ಮದರಾಸು ಸರ್ಕಾರ ಆನೆ ಕೊಂದವರಿಗೆ ಇನಾಮು ಕೊಡುತ್ತಿತ್ತು. 1873ರಲ್ಲಿ ಅದೇ ಸರ್ಕಾರ ಆನೆ ಕೊಲ್ಲಬಾರದೆಂದು ಕಾನೂನು ಮಾಡಿತು. ಇನಾಮು ಕೊಟ್ಟದ್ದೂ ಅವರೇ, ದಂಡ ಹಾಕಿದ್ದೂ ಅವರೇ. ಆನೆಯ ಮೇಲೆ ಇದ್ದಕ್ಕಿದ್ದ ಹಾಗೆ ಹುಟ್ಟಿದ ಕರುಣೆ ಇದಲ್ಲ. ಸಾಮಾನು ಎಳೆಯಲು, ದಿಮ್ಮಿ ಸಾಗಿಸಲು ಆನೆ ಬೇಕಿತ್ತು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಕಾಫಿ ಬಂತು. ಅತ್ತಿಖಾನೆ, ಹೊನ್ನಮೇಟಿಗಳಲ್ಲಿ ಮಾರಿಸ್ ಕುಟುಂಬದ ತೋಟಗಳೆದ್ದವು. ಆ ಮನೆಯ ಆರ್. ಸಿ. ಮಾರಿಸ್ ದೊಡ್ಡ ಬೇಟೆಗಾರ, ಪ್ರಾಣಿಗಳನ್ನು ಬಲ್ಲವನೂ ಹೌದು. ಬೊಂಬಾಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಗೆ ಈ ಬೆಟ್ಟದ ಪ್ರಾಣಿಗಳ ಮೇಲೆ ಬಹಳ ಟಿಪ್ಪಣಿ ಬರೆದ. ಅವನ ಬರಹ ನಮಗೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಕಾನು ಕಡಿದು ಕಾಫಿ ಹಾಕಿದವನು 'ನಿಸರ್ಗಪ್ರೇಮಿ', ಅರ್ಧ ಎಕರೆ ಕುರುಚಲು ಸುಟ್ಟು ರಾಗಿ ಚೆಲ್ಲಿದವನು 'ಕಾಡಿನ ಶತ್ರು' ಆದದ್ದು ಯಾವ ನ್ಯಾಯ?

ಬೆಟ್ಟವನ್ನು ಆಗಲೇ ಹರಿದು ಹಂಚಿಕೊಂಡಿದ್ದರು. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಜಹಗೀರು. ಚಾಮರಾಜನಗರದ ಕಡೆ ಮೈಸೂರು ಅರಸರದು. ಕೊಳ್ಳೇಗಾಲದ ಕಡೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರಲ್ಲಿ ರಾಜ್ಯಗಳ ವಿಂಗಡಣೆಯಾಗುವ ತನಕ. ಅತ್ತ 1882ರ ಮದರಾಸು ಅರಣ್ಯ ಕಾಯ್ದೆ, ಇತ್ತ 1900ರ ಮೈಸೂರು ಅರಣ್ಯ ಕಾನೂನು. ಯಜಮಾನರು ಬೇರೆ ಬೇರೆ, ಮಾತು ಒಂದೇ: ಕಾಡು ಸರ್ಕಾರದ್ದು. ಸೋಲಿಗರ ಬೇಸಾಯಕ್ಕೆ ಕಾಗದದಲ್ಲಿ ಕುಮರಿ ಅಂತ ಹೆಸರಿಟ್ಟು ಅದನ್ನು ತಪ್ಪೆಂದು ಬರೆದರು. ತೇಗ, ಬೀಟೆ, ಶ್ರೀಗಂಧ ಖಜಾನೆಗೆ ಹೋದವು. ಕೂಲಿ ಮಾತ್ರ ಸೋಲಿಗರಿಗೆ ಉಳಿಯಿತು.

3

ಕಾಟಿಗೆ ಕೋವಿಗಿಂತ ದೊಡ್ಡ ಶತ್ರು ದನದ ದೊಡ್ಡರೋಗ. 1968ರಲ್ಲಿ ಅದು ಪಕ್ಕದ ಬಂಡೀಪುರ, ಮುದುಮಲೆ ಕಾಡುಗಳಿಗೆ ನುಗ್ಗಿ ಕಾಟಿಯ ಹಿಂಡುಗಳನ್ನು ನೆಲ ಕಚ್ಚಿಸಿತು. ಹಿಂಡುಗಳು ಮತ್ತೆ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು.

ಇಲ್ಲಿ ನಮ್ಮ ಕಡೆಯ ಮಾತೊಂದನ್ನು ಮುಚ್ಚಿಡಬಾರದು. ಈ ರೋಗ ಕಾಡಿಗೆ ಹೋಗುವುದು ಊರ ದನದಿಂದ. ಕಾಡಂಚಿನಲ್ಲಿ ದನ ಮೇಯಿಸುವವರು ಬಹುಪಾಲು ನಮ್ಮಂಥ ಬಡವರೇ. ಸಾಹುಕಾರನ ದನವನ್ನು ಕೂಲಿಗೆ ಮೇಯಿಸುವ ಹುಡುಗನೂ ನಮ್ಮವನೇ. ಗೋಮಾಳವನ್ನು ಊರ ಗೌಡರು ಉತ್ತುಕೊಂಡ ಮೇಲೆ ದನ ಕಾಡಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು? ಬಡವನನ್ನು ಬೈದು ಕಾಟಿ ಉಳಿಸಲಾಗದು. ಹಾಗೆಂದು ಬಡವನ ದನದಿಂದ ಏನೂ ಆಗಿಲ್ಲ ಅನ್ನುವುದೂ ಸುಳ್ಳು. ಈ ರೋಗವನ್ನು ಕೊನೆಗೆ ನಿಲ್ಲಿಸಿದ್ದು ಬೇಲಿಯೂ ಅಲ್ಲ, ಕೇಸೂ ಅಲ್ಲ. ಹಳ್ಳಿಹಳ್ಳಿಯ ದನಕ್ಕೆ ವರ್ಷಾನುಗಟ್ಟಲೆ ಹಾಕಿದ ಲಸಿಕೆ. 2011ರಲ್ಲಿ ಇಡೀ ಜಗತ್ತಿನಿಂದಲೇ ದೊಡ್ಡರೋಗ ಹೋಯಿತೆಂದು ಸಾರಿದರು. ಬಡವನ ಕೊಟ್ಟಿಗೆಯ ದನ ಚೆನ್ನಾಗಿದ್ದರೆ ಕಾಡಿನ ಕಾಟಿಯೂ ಚೆನ್ನಾಗಿರುತ್ತದೆ. ಕಾಡು ಉಳಿಸುವ ಪಾಠದಲ್ಲಿ ಇದು ಮೊದಲನೇ ಸಾಲಾಗಬೇಕು.

4

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ಆಗ 322 ಚದರ ಕಿಲೋಮೀಟರು. 1987ರಲ್ಲಿ ಅದನ್ನು 540ರ ಹತ್ತಿರಕ್ಕೆ ಬೆಳೆಸಿದರು. ಬೇಟೆ ನಿಂತಿತು. ಅದು ಒಳ್ಳೆಯದೇ ಆಯಿತು. ಸೋಲಿಗರೂ ಬೇಟೆಯಾಡುತ್ತಿದ್ದವರೇ. ಅವರನ್ನು ಋಷಿಗಳನ್ನಾಗಿ ಮಾಡಬೇಕಾಗಿಲ್ಲ.

ಆದರೆ ಬೇಟೆಯ ಜೊತೆಗೆ ಬೇಸಾಯವನ್ನೂ ನಿಲ್ಲಿಸಿದರು, ಬೆಂಕಿಯನ್ನೂ ನಿಲ್ಲಿಸಿದರು. ಒಳಕಾಡಿನ ಪೋಡುಗಳಿಂದ ಜನರನ್ನು ಎಬ್ಬಿಸಿ ರಸ್ತೆ ಬದಿಗೆ, ಕಾಡಂಚಿಗೆ ತಂದು ಕೂರಿಸಿದರು. ಪೋಡು ಹೋಗಿ ಕಾಲೋನಿ ಬಂತು. ಕಾಲೋನಿ ಅಂದರೆ ಏನೆಂದು ದಲಿತರಿಗೆ ಬಿಡಿಸಿ ಹೇಳಬೇಕೆ? ಊರಾಚೆ ಇಡುವುದಕ್ಕೆ ಆ ಹೆಸರು. ಸೋಲಿಗರನ್ನು ಅವರ ಕಾಡಿನಿಂದಲೇ ಆಚೆ ಇಟ್ಟರು. ಅಭಯಾರಣ್ಯದ ನಟ್ಟನಡುವೆ ಕಾಫಿ ಎಸ್ಟೇಟುಗಳು ಮಾತ್ರ ಇದ್ದ ಜಾಗದಲ್ಲೇ ಇದ್ದವು. ಕಾಟಿಗೆ ಪೋಡಿನ ಹೊಗೆ ತೊಂದರೆ, ಎಸ್ಟೇಟಿನ ಜೀಪು ತೊಂದರೆಯಲ್ಲ!

ಈಗ ಬೆಂಕಿಯ ಮಾತು. ಕಾಡಿನ ಬೆಂಕಿ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಮರ ಸುಡುವ ದೊಡ್ಡ ಜ್ವಾಲೆ. ಸೋಲಿಗರು ಹಾಕುತ್ತಿದ್ದದ್ದು ಅದಲ್ಲ, ತರಗು ಬೆಂಕಿ. ಚಳಿ ಮುಗಿದು ಬೇಸಿಗೆ ಏರುವ ಮುಂಚೆ, ನೆಲದಲ್ಲಿ ಇನ್ನೂ ತಣ್ಣಸ ಇರುವಾಗ, ಉದುರಿದ ಎಲೆ, ಒಣ ಹುಲ್ಲನ್ನು ಸುಡುವ ಗಿಡ್ಡ ಬೆಂಕಿ. ಅದು ಬೇಗ ಹಾಯ್ದು ಹೋಗುತ್ತದೆ, ಬೆಳೆದ ಮರದ ತೊಗಟೆಯನ್ನು ದಾಟುವುದಿಲ್ಲ. ಮೊದಲ ಮಳೆ ಬಿದ್ದರೆ ಸುಟ್ಟ ಜಾಗದಲ್ಲಿ ಎಳೆ ಹುಲ್ಲು. ಎಳೆ ಹುಲ್ಲಿಗೆ ಕಾಟಿ, ಕಡವೆ, ಜಿಂಕೆ. ಅವುಗಳ ಹಿಂದೆ ಹುಲಿ. ಹುಲ್ಲಿಲ್ಲದೆ ಹುಲಿ ಇಲ್ಲ ಅನ್ನುವುದಕ್ಕೆ ಡಿಗ್ರಿ ಬೇಕಾಗಿಲ್ಲ.

ಇನ್ನೊಂದು ಲಾಭವೂ ಇತ್ತು. ನೆಲ್ಲಿ ಮರದ ಕೊಂಬೆಗಳಲ್ಲಿ ಉಪ್ಪಿಲು ಅನ್ನುವ ಬದನಿಕೆ ಬೆಳೆಯುತ್ತದೆ. ಮರದ ರಸ ಹೀರಿ ಮರವನ್ನೇ ಒಣಗಿಸುತ್ತದೆ. ಬೆಂಕಿ, ಹೊಗೆ ತಾಗಿದರೆ ಉಪ್ಪಿಲು ಸಾಯುತ್ತದೆ, ನೆಲ್ಲಿ ಬದುಕುತ್ತದೆ ಅನ್ನುವುದು ಸೋಲಿಗರ ತಿಳಿವಳಿಕೆ. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು, ನೆಲ್ಲಿ ಸಾಯತೊಡಗಿತು ಎಂದು ಅವರು ಹೇಳುತ್ತ ಬಂದರು. ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. ನೆಲ್ಲಿ ಕಮ್ಮಿಯಾದದ್ದಕ್ಕೆ 'ಸೋಲಿಗರು ವಿಪರೀತ ಕೀಳುತ್ತಾರೆ' ಅಂತ ಅವರ ತಲೆಗೇ ಕಟ್ಟಿದರು.

ಲಂಟಾನದ ಕತೆಯೂ ಇದೇ. ದಕ್ಷಿಣ ಅಮೆರಿಕದ ಈ ಗಿಡವನ್ನು ಇಂಗ್ಲಿಷರು ತೋಟದ ಅಂದಕ್ಕೆಂದು 1809ರಲ್ಲಿ ಕಲ್ಕತ್ತಕ್ಕೆ ತಂದರು. ಅಲ್ಲಿಂದ ಅದು ದೇಶವನ್ನೆಲ್ಲ ಹತ್ತಿತು. ತರಗು ಬೆಂಕಿ ಇದ್ದಾಗ ಅದರ ಎಳೆ ಸಸಿ ವರ್ಷ ವರ್ಷ ಸುಟ್ಟುಹೋಗುತ್ತಿತ್ತು ಅನ್ನುತ್ತಾರೆ ಸೋಲಿಗರು. ಬೆಂಕಿ ನಿಂತಿತು, ಲಂಟಾನ ಎದ್ದಿತು. 1997ರಲ್ಲಿ ಸಂಶೋಧಕರು ಈ ಕಾಡಿನಲ್ಲಿ ಗುರುತು ಹಾಕಿ ನೋಡಿದ ಜಾಗಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ನೂರಕ್ಕೆ 81. ಸೋಲಿಗರ ಬಾಯಿಮಾತನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು ಇಷ್ಟು ವರ್ಷ ಹಿಡಿಯಿತು.

ಹಾಗಾದರೆ ನಾಳೆಯೇ ಬೆಂಕಿ ಹಾಕಿಬಿಡೋಣವೇ? ಆಗದು. ಈಗ ಲಂಟಾನ ಒಣಗಿ ಸೌದೆಯ ರಾಶಿಯಂತೆ ನಿಂತಿದೆ. ಕಡ್ಡಿ ಗೀರಿದರೆ ಗಿಡ್ಡ ಬೆಂಕಿಯಾಗದೆ ಮರದ ನೆತ್ತಿ ಮುಟ್ಟುತ್ತದೆ. ಮೊದಲು ಬುಡಸಹಿತ ಕಿತ್ತು, ಹುಲ್ಲು ಬರಿಸಿ, ಆಮೇಲೆ ಹೊತ್ತು ನೋಡಿ ಬೆಂಕಿಯ ಮಾತು. ಹೊತ್ತು ಯಾವುದು, ಗಾಳಿ ಯಾವ ಕಡೆಯದು ಅಂತ ಬಲ್ಲವರು ಪೋಡುಗಳಲ್ಲಿ ಮುದುಕರಾಗುತ್ತಿದ್ದಾರೆ. ಅವರ ಜೊತೆ ಆ ವಿದ್ಯೆಯೂ ಹೋದರೆ ಯಾವ ತರಬೇತಿ ಕೇಂದ್ರವೂ ಅದನ್ನು ಮತ್ತೆ ತಂದುಕೊಡುವುದಿಲ್ಲ.

5

ಇದು ನಮ್ಮ ಬೆಟ್ಟದ ಗೋಳು ಮಾತ್ರವಲ್ಲ. ಭೂಮಿಯ ಉತ್ತರ ತುದಿಯಲ್ಲಿ, ಕೆನಡಾ, ಅಲಾಸ್ಕಾಗಳ ಹಿಮದ ಬಯಲಿನಲ್ಲಿ ಕ್ಯಾರಿಬು ಎಂಬ ಜಿಂಕೆಯ ಜಾತಿಯ ಪ್ರಾಣಿ ಇದೆ. ಲಕ್ಷಗಟ್ಟಲೆಯ ಹಿಂಡಾಗಿ ವರ್ಷಕ್ಕೊಮ್ಮೆ ನೂರಾರು ಮೈಲಿ ನಡೆಯುತ್ತದೆ. ಇನ್ಯುಯಿಟ್, ಡೆನೆ, ಗ್ವಿಚಿನ್ ಎಂಬ ಮೂಲನಿವಾಸಿಗಳು ಅದನ್ನೇ ಉಂಡು, ಅದರ ಚರ್ಮವನ್ನೇ ಹೊದ್ದು ಬಾಳಿದವರು. 1950ರ ದಶಕದಲ್ಲಿ ಹಿಂಡುಗಳು ಕುಸಿದವೆಂದು ಗುಲ್ಲೆದ್ದಾಗ ಕೆನಡಾದ ಅಧಿಕಾರಿಗಳು ಬೆರಳು ತೋರಿಸಿದ್ದು ಇವರ ಕಡೆಗೇ: ಮೂಲನಿವಾಸಿಗಳು ಬೇಕಾಬಿಟ್ಟಿ ಕೊಲ್ಲುತ್ತಾರೆ ಎಂದು. ಗಣಿ, ರಸ್ತೆ, ಎಣ್ಣೆ ಬಾವಿ, ಮರದ ಕಂಪನಿಗಳ ಕಡೆಗೆ ಆ ಬೆರಳು ಬೇಗ ತಿರುಗಲಿಲ್ಲ. ಬಾಥರ್ಸ್ಟ್ ಎಂಬ ಒಂದು ಹಿಂಡು 1986ರಲ್ಲಿ ನಾಲ್ಕೂವರೆ ಲಕ್ಷಕ್ಕೂ ಮೀರಿದ್ದದ್ದು 2018ಕ್ಕೆ ಎಂಟು ಸಾವಿರ ಚಿಲ್ಲರೆಗೆ ಇಳಿದಿತ್ತು.

ಅಲ್ಲೂ ಪಾಠ ನಿಧಾನವಾಗಿ ಹತ್ತಿತು. 1982ರಲ್ಲಿ ಎರಡು ಹಿಂಡುಗಳಿಗಾಗಿ ಮೂಲನಿವಾಸಿಗಳೂ ಸರ್ಕಾರದವರೂ ಒಟ್ಟಿಗೆ ಕೂರುವ ಮಂಡಳಿಯಾಯಿತು. ಬ್ರಿಟಿಷ್ ಕೊಲಂಬಿಯದಲ್ಲಿ ಕ್ಲಿನ್ಸೆ-ಜಾ ಎಂಬ ಹಿಂಡು 2013ರಲ್ಲಿ 38ಕ್ಕೆ ಇಳಿದಾಗ ಅಲ್ಲಿನ ಎರಡು ಮೂಲನಿವಾಸಿ ಸಮುದಾಯಗಳು ತಾವೇ ಮುಂದೆ ಬಂದವು. ಈಯುವ ಹೊತ್ತಿನಲ್ಲಿ ತಾಯಿ ಕ್ಯಾರಿಬುಗಳನ್ನು ಬೇಲಿಯೊಳಗಿಟ್ಟು, ತಾವೇ ಆಯ್ದು ತಂದ ಕಲ್ಲುಹೂ ಮೇಯಿಸಿ ಕಾದರು. ತೋಳಗಳನ್ನೂ ಕೊಂದು ಕಮ್ಮಿ ಮಾಡಿದರು. ಈ ವಿಷಯದಲ್ಲಿ ತಕರಾರಿದೆ, ಇರಲಿ. ಸುಮಾರು ಎಂಟು ವರ್ಷದಲ್ಲಿ ಹಿಂಡು ನೂರು ದಾಟಿತು. ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ, ಹಿಂಡಿಗೆ ಕಾಡು ಬೇಕು. ಅದಕ್ಕಾಗಿ 2020ರಲ್ಲಿ ಸರ್ಕಾರಗಳ ಜೊತೆ ಕರಾರು ಮಾಡಿಸಿಕೊಂಡರು. ಅಪರಾಧಿ ಅಂತ ಯಾರನ್ನು ತೋರಿಸಿದ್ದರೋ ಅಂಥವರೇ ಕೊನೆಗೆ ಕಾಯುವವರಾದರು.

6

ನಮ್ಮಲ್ಲಿ ನಡೆದದ್ದನ್ನು ನೋಡಿ. 1980ರ ದಶಕದಿಂದ ವೀರಪ್ಪನ್ನನ ಕಾಲ. ದಂತ, ಗಂಧ ಹೋದವು. ಅವನು ಸತ್ತದ್ದು 2004ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಅವನ ಹೆಸರಿನಲ್ಲಿ ಕಾಡಿನ ಜನ ಕಾರ್ಯಪಡೆಯ ಕೈಯಲ್ಲಿ ಪಟ್ಟ ಪಾಡು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ತನಕ ಹೋಯಿತು. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ನೊಂದವರಲ್ಲಿ ಸೋಲಿಗರೂ ಇದ್ದರು. ಕಳ್ಳನಿಗೂ ಪೊಲೀಸಿಗೂ ನಡುವೆ ಸಿಕ್ಕವನು ಕಾಡಿನವನು.

ಬೇಸಾಯ ಹೋದ ಮೇಲೆ ಸೋಲಿಗರ ಕೈಗೆ ಕಾಸು ಬರುತ್ತಿದ್ದದ್ದು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂಗಳಿಂದ, ಲ್ಯಾಂಪ್ಸ್ ಸೊಸೈಟಿಯ ಮೂಲಕ. ಅವರ ನಗದು ಆದಾಯದಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಕಾಡಿನದೇ ಎಂದು 1990ರ ದಶಕದ ಅಧ್ಯಯನಗಳು ಹೇಳಿದವು. ಹೊಸ ಶತಮಾನದ ಮೊದಲ ದಶಕದಲ್ಲಿ, ವನ್ಯಜೀವಿ ಕಾಯ್ದೆಯ ತಿದ್ದುಪಡಿ ಹಿಡಿದುಕೊಂಡು, ಮಾರಾಟಕ್ಕೆ ಕೀಳುವುದನ್ನೂ ನಿಲ್ಲಿಸಿದರು. ಜನ ತೋಟದ ಕೂಲಿಗೆ, ಕೊಡಗಿಗೆ, ಕೇರಳಕ್ಕೆ ಹೋದರು. ಕಾಡು ಬಲ್ಲವರು ಕಾಡು ಬಿಟ್ಟು ಹೋದರು. ಲಂಟಾನ ಒಳಗೆ ಬೆಳೆಯಿತು.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆದಿವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಆ ಕಾಯ್ದೆಯೇ ಬಾಯಿಬಿಟ್ಟು ಒಪ್ಪಿಕೊಂಡಿದೆ. ಅದು ಕಾಗದದ ಮೇಲಿದ್ದಾಗಲೇ, 2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಸಾರಿದರು. 574 ಚದರ ಕಿಲೋಮೀಟರು ಚಿಲ್ಲರೆ. ಎಲ್ಲಿ ಎಬ್ಬಿಸುತ್ತಾರೋ ಎಂಬ ಭಯ ಪೋಡುಗಳಿಗೆ ಹೊಕ್ಕಿತು. ಆದರೆ ಈ ಸಲ ಸೋಲಿಗರು ಬರಿಗೈಲಿ ಇರಲಿಲ್ಲ. ಸಂಘ ಕಟ್ಟಿದ್ದರು, ಓದಿದ್ದರು, ನಕ್ಷೆ ಮಾಡಿದ್ದರು. ಆ 489 ಜಾಗಗಳ ನಕ್ಷೆಯೇ ಅವರ ದಾಖಲೆ. ಅದೇ ವರ್ಷದ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಹಕ್ಕುಪತ್ರ ಸಿಕ್ಕಿತು, ಸರಿ. ಆದರೆ ಪತ್ರದಲ್ಲಿ ಕಾಯುವ ಹಕ್ಕಿದ್ದರೂ ಕಾಡಿನಲ್ಲಿ ಏನು ಮಾಡಬೇಕೆಂಬ ತೀರ್ಮಾನ ಗ್ರಾಮಸಭೆಯ ಕೈಗೆ ಪೂರ್ತಿ ಬಂದಿಲ್ಲ. 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕಾರವಾದ ಅರಣ್ಯವಾಸಿಗಳನ್ನು ಎಬ್ಬಿಸಬೇಕೆಂದು ಸುಪ್ರೀಂ ಕೋರ್ಟಿನ ಆದೇಶವಾಯಿತು. ಅದೇ ತಿಂಗಳ ಕೊನೆಗೆ ಕೋರ್ಟೇ ಅದಕ್ಕೆ ತಡೆ ಕೊಟ್ಟಿತು. ಎರಡು ವಾರ ದೇಶದ ಲಕ್ಷಾಂತರ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಕತ್ತಿ ತೂಗುತ್ತಲೇ ಇದೆ.

7

ಈ ಚರಿತ್ರೆಯಿಂದ ನಮಗೇನು? ಸಂಘಟನೆಯ ಗೆಳೆಯರಿಗೆ ಒಂದು ಮಾತು. ಭೂಮಿ ಕೇಳಿ ಹೋರಾಡಿದೆವು, ನೀರು ಮುಟ್ಟಿ ಹೋರಾಡಿದೆವು. ಕಾಡಿನ ವಿಷಯ ಬಂದಾಗ ಮಾತ್ರ 'ಅದು ಪರಿಸರದವರದು' ಅಂತ ದೂರ ನಿಂತೆವು. ಹಾಗೆ ದೂರ ನಿಂತಾಗ ಪ್ರಾಣಿಗಳ ಪರವಾಗಿ ಮಾತಾಡುವ ಹಕ್ಕನ್ನು ಪಟ್ಟಣದವರಿಗೆ ನಾವೇ ಬಿಟ್ಟುಕೊಟ್ಟೆವು. ಕಾಟಿ ಉಳಿಯಬೇಕು ಅನ್ನುವವರು ಸೋಲಿಗ ಹೋಗಲಿ ಅಂತಾರೆ, ಸೋಲಿಗ ಉಳಿಯಬೇಕು ಅನ್ನುವ ನಾವು ಕಾಟಿಯ ಮಾತೇ ಎತ್ತುವುದಿಲ್ಲ. ಇಬ್ಬರೂ ಅರ್ಧ ಚರಿತ್ರೆ ಓದಿದವರು. ಹುಲ್ಲು ಹೋದಾಗ ಹಿಂಡೂ ಸೊರಗಿತು, ಪೋಡೂ ಸೊರಗಿತು. ಇದು ಒಂದೇ ನಷ್ಟ.

ಹಳ್ಳಿಯ ಮೇಷ್ಟ್ರುಗಳಿಗೆ ಇನ್ನೊಂದು ಮಾತು. ನಿಮ್ಮ ತರಗತಿಯಲ್ಲಿ ಕಾಡಂಚಿನ ಮಕ್ಕಳಿದ್ದರೆ ಅವರ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳಿ: ನಿಮ್ಮ ಎಲ್ಲೆ ಎಲ್ಲಿಂದ ಎಲ್ಲಿಗೆ? ಹಿಂದೆ ಹುಲ್ಲು ಎಲ್ಲಿತ್ತು? ಕಾಟಿ ನೀರಿಗೆ ಯಾವ ದಾರಿಯಲ್ಲಿ ಬರುತ್ತಿತ್ತು? ತರಗಿಗೆ ಬೆಂಕಿ ಹಾಕುವ ಹೊತ್ತು ಯಾವುದು? ಮಕ್ಕಳ ನೋಟ್‌ಬುಕ್ಕಿನಲ್ಲಿ ಅದನ್ನು ಬರೆಸಿ, ಹೇಳಿದವರ ಹೆಸರಿನ ಸಮೇತ. ಗ್ರಾಮಸಭೆಯಲ್ಲಿ ಒಂದು ದಿನ ಆ ನೋಟ್‌ಬುಕ್ಕು ದಾಖಲೆಯಾಗಿ ಬೇಕಾಗುತ್ತದೆ.

ಬೆಟ್ಟಕ್ಕೆ ಹೋಗುವ ಬಸ್ಸು ಈಗಲೂ ಲಂಟಾನದ ನಡುವೆಯೇ ಏರುತ್ತದೆ. ಮುಂದಿನ ಸಲ ಹೋದಾಗ ಪಕ್ಕದ ಸೀಟಿನವರು 'ಎಷ್ಟು ಹಸಿರು' ಅಂದರೆ ಸುಮ್ಮನಿರಬೇಡಿ. ಅಲ್ಲಿ ಏನಿತ್ತು ಅಂತ ಹೇಳಿ.